ಅಂಗನವಾಡಿ ಮಕ್ಕಳ ಹರಿವೆ ಸಾಲು

ಜೂನ್ ಬಂತೆಂದರೆ ಶಾಲೆ ತೆರೆಯುತ್ತದೆ, 5ಕ್ಕೆ ಪರಿಸರ ದಿನ, ಎಲ್ಲರಿಗೂ ಗಿಡ ನೆಡುವ ಉಮೇದು. ಆದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಮಳೆ ಹಿಡಿಯುವುದೂ ಆಗಲೇ. ಆ ವಾರ ಬಯಲಲ್ಲಿ ಎಸೆದ ಹರಿವೆ ಬೀಜ ಮೊಳೆಯುವ ಮೊದಲೇ ಚರಂಡಿ ಸೇರುತ್ತದೆ. ಮಳೆಗಾಲದಲ್ಲಿ ಮಾಡಿನ ಕೆಳಗೆ ಒಂದು ಗ್ರೋ ಬ್ಯಾಗಿನಲ್ಲಿ ಬಸಳೆ ಬಳ್ಳಿಯ ತುಂಡು ಊರಿದರೆ ಸಾಕು. ನಾಲ್ಕು ಗಂಟಿರುವ ತುಂಡು ತೆಗೆದುಕೊಂಡು ಎರಡು ಗಂಟು ಮಣ್ಣೊಳಗೆ ಹೋಗುವಂತೆ ಊರಿ. ಬೀಜ ಬಿತ್ತುವ ಕೆಲಸ ಸೆಪ್ಟೆಂಬರ್ ಅರ್ಧ ಕಳೆದ ಮೇಲೆ.

ಮೂರು ನಾಲ್ಕು ವರ್ಷದ ಮಗುವಿಗೆ ಕಾಯುವ ತಾಳ್ಮೆ ಇಲ್ಲ. ಹಾಗಾಗಿ ಬೆಳೆ ಆರಿಸುವಾಗ ಪೌಷ್ಟಿಕಾಂಶಕ್ಕಿಂತ ಮೊದಲು ದಿನ ಲೆಕ್ಕ ಹಾಕಬೇಕು. ಹರಿವೆ ನಾಲ್ಕೈದು ದಿನದಲ್ಲಿ ಮೊಳೆಯುತ್ತದೆ, 25–30 ದಿನಕ್ಕೆ ಕೊಯ್ಲು. ಅಲಸಂಡೆ ಬೀಜ ಪುಟ್ಟ ಬೆರಳುಗಳಿಗೆ ಸಲೀಸಾಗಿ ಸಿಗುತ್ತದೆ, ಮೊಳಕೆಯೂ ದೊಡ್ಡದು. ಅದನ್ನು ಸಾಲಿನ ಅಂಚಿಗೆ ಹಾಕಬಹುದು. ಸಾಂಬಾರು ಸೌತೆ ಬೇಡ, ಅದು ಅಂಗಳವನ್ನೆಲ್ಲ ನುಂಗಿ ಎರಡು ತಿಂಗಳು ಸತಾಯಿಸುತ್ತದೆ. ಹಾಗಲದ ವಿಷಯ ಹೇಳುವುದೇ ಬೇಡ.

ಮುರಕಲ್ಲಿನ ಅಂಗಳ ಅಗೆಯಲು ಹೋಗಬೇಡಿ. ಕೆಂಪುಕಲ್ಲು ಸುತ್ತ ಇಟ್ಟು ಮೇಲೆಯೇ ಮಣ್ಣು ಏರಿಸಿ: ಅಗಲ ಎರಡು ಅಡಿ, ಉದ್ದ ನಾಲ್ಕು ಅಡಿ, ಎತ್ತರ ಒಂದು ಗೇಣು. ಅಗಲ ಇದಕ್ಕಿಂತ ಹೆಚ್ಚಾದರೆ ಮಕ್ಕಳ ಕೈ ನಡುವಿಗೆ ಎಟುಕುವುದಿಲ್ಲ, ಆಮೇಲೆ ಸಾಲಿನೊಳಗೇ ಕಾಲಿಡುತ್ತಾರೆ. ಮೇಲ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದು ಪಾಲು, ಸುಡುಮಣ್ಣು (ಸೊಪ್ಪು-ಕಸದೊಂದಿಗೆ ಸುಟ್ಟ ಮಣ್ಣು) ಒಂದು ಪಾಲು. ಸಿಮೆಂಟು ಹೊರುವ ಬಾಣಲೆಯಲ್ಲಿ ಒಟ್ಟು ಹತ್ತರಷ್ಟು ಬೇಕು. ಹಸಿ ಸೆಗಣಿ, ಕೋಳಿಗೊಬ್ಬರ ಮಕ್ಕಳು ಕೈಹಾಕುವ ಜಾಗಕ್ಕೆ ಸಲ್ಲದು. ನಮ್ಮ ಕೆಂಪು ಮಣ್ಣಿಗೆ ಹುಳಿ ಜಾಸ್ತಿ, ಆದ್ದರಿಂದ ಹುಳಿ ತಗ್ಗಿಸುವ ಡಾಲಮೈಟ್ ಪುಡಿ 50 ಗ್ರಾಂ ಬೆರೆಸಿ ಎರಡು ವಾರ ಬಿಡಿ. ಈ ಕೆಲಸ ದೊಡ್ಡವರದು, ಪುಡಿ ಕಣ್ಣಿಗೆ ಬೀಳಬಾರದು.

ಬಿತ್ತುವುದರಲ್ಲಿಯೇ ಹೆಚ್ಚಿನವರು ಎಡವುವುದು. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಮಗುವಿನ ಕೈಗೆ ಕೊಟ್ಟರೆ ಒಂದೇ ಕಡೆ ಸುರಿದು ಮುಗಿಸುತ್ತದೆ. ಕಾಲು ಚಮಚ ಬೀಜವನ್ನು ದೊಡ್ಡವರ ಕೈಯ ನಾಲ್ಕು ಮುಷ್ಟಿ ಒಣ ಹೊಯಿಗೆಯಲ್ಲಿ (ಮರಳಿನಲ್ಲಿ) ಕಲಸಿ, ಗೆರಟೆಗಳಿಗೆ ಹಂಚಿ, ಒಬ್ಬೊಬ್ಬರಿಗೆ ಒಂದೊಂದು ಕೊಡಿ. ‘ಕಾಯಿತುರಿ ಉದುರಿಸಿದ ಹಾಗೆ’ ಎಂದರೆ ಅವರಿಗೆ ಅರ್ಥವಾಗುತ್ತದೆ. ಮೇಲೆ ಮಣ್ಣು ತೆಳ್ಳಗೆ, ಬೀಜ ಮರೆಯಾಗುವಷ್ಟು ಮಾತ್ರ. ಆಳಕ್ಕೆ ಹೋದ ಬೀಜ ಮೇಲೆ ಬರುವುದಿಲ್ಲ. ಇನ್ನೊಂದು ಶತ್ರು ಇರುವೆ, ರಾತ್ರಿ ಬೆಳಗಾಗುವುದರೊಳಗೆ ಬೀಜ ಹೊತ್ತುಕೊಂಡು ಹೋಗಿರುತ್ತದೆ. ಹೊಯಿಗೆಯ ಜೊತೆ ಒಂದು ಮುಷ್ಟಿ ರವೆಯನ್ನೂ ಬೆರೆಸಿದರೆ ಇರುವೆ ರವೆಯನ್ನು ಒಯ್ಯುತ್ತದೆ, ಬೀಜ ಉಳಿಯುತ್ತದೆ.

ನೀರಿಗೆ ಅರ್ಧ ಲೀಟರಿನ ಬಾಟಲಿ, ಮುಚ್ಚಳಕ್ಕೆ ಬಿಸಿ ಸೂಜಿಯಿಂದ ಏಳೆಂಟು ತೂತು. ಒಬ್ಬರಿಗೆ ಒಂದು ಬಾಟಲಿ ಎಂದರೆ ಹದಿನೈದು ಮಕ್ಕಳಿದ್ದಲ್ಲಿ ಸಾಲು ಗದ್ದೆಯಾಗುತ್ತದೆ. ದಿನಕ್ಕೆ ನಾಲ್ಕು ಮಕ್ಕಳ ಪಾಳಿ ಇರಲಿ. ಗಿಡ ಎದ್ದ ಮೇಲೆ ನೀರು ಬುಡಕ್ಕೆ ಮಾತ್ರ. ಎಲೆ ಒದ್ದೆಯಾದರೆ ಕೆಂಪು ಹರಿವೆಗೆ ಎಲೆಚುಕ್ಕೆ ರೋಗ ಬೇಗ ತಗಲುತ್ತದೆ, ಅರುಣ್ ತಳಿಯಾದರೂ ಅಷ್ಟೇ. ಹಸಿರು ಹರಿವೆಯ ಕೋ-1 ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಎರಡನ್ನೂ ಬೆರೆಸಿ ಬಿತ್ತಿದರೆ ರೋಗ ಹರಡುವುದು ಕಡಿಮೆ.

ಬಸವನಹುಳುವನ್ನು ಮಕ್ಕಳು ಮುಟ್ಟಬಾರದು. ದೊಡ್ಡ ಆಫ್ರಿಕನ್ ಬಸವನಹುಳು ಮಿದುಳಿಗೆ ಹೋಗುವ ಪರೋಪಜೀವಿಯನ್ನು ಹೊತ್ತಿರಬಹುದು. ಸಂಜೆ ಒದ್ದೆ ಗೋಣಿಯ ಕೆಳಗೆ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಮಕ್ಕಳು ಬರುವ ಮೊದಲು ಕೈಗವಸು ಹಾಕಿಕೊಂಡು ಹೆಕ್ಕಿ ಉಪ್ಪುನೀರಿಗೆ ಹಾಕಿ. ವಿಷದ ಸಿಂಪಡಣೆಯ ಮಾತೇ ಇಲ್ಲ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಈ ಜಿಲ್ಲೆಯಲ್ಲಿ ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ಬೇಲಿಯನ್ನೂ ಒಮ್ಮೆ ನೋಡಿ. ಗುಲಗಂಜಿ, ಕಣಗಿಲೆ, ಕಾಡುಹರಳು ಇದ್ದರೆ ಕಡಿದು ತೆಗೆಯಿರಿ. ಗುಲಗಂಜಿಯ ಕೆಂಪು-ಕಪ್ಪು ಬೀಜ ಕಂಡ ಮಗು ಬಾಯಿಗೆ ಹಾಕದೆ ಇರುವುದಿಲ್ಲ, ಜಗಿದರೆ ಅದು ಪ್ರಾಣಕ್ಕೇ ಕುತ್ತು. ಹಸಿ ಕೆಸುವೂ ಕೈ, ಬಾಯಿ ತುರಿಸುತ್ತದೆ. ಪತ್ರೊಡೆಯನ್ನು ತಿನ್ನಲಿ, ಎಲೆ ಕೊಯ್ಯುವುದು ಬೇಡ. ಒಂದೆಲಗವನ್ನು ತೋಡಿನ ಬದಿಯಿಂದ ತರದೆ ಕುಂಡದಲ್ಲೇ ಬೆಳೆಸಿ, ಬಿಸಿನೀರಲ್ಲಿ ಒಮ್ಮೆ ಅದ್ದಿ ತಂಬುಳಿ ಮಾಡಿ.

ಹತ್ತು ಹನ್ನೆರಡು ದಿನಕ್ಕೆ ಸಾಲು ದಟ್ಟವಾಗುತ್ತದೆ. ಗಿಡಕ್ಕೂ ಗಿಡಕ್ಕೂ ನಾಲ್ಕು ಬೆರಳು ಬಿಟ್ಟು ಉಳಿದದ್ದನ್ನು ಕಿತ್ತುಬಿಡಬೇಕು. ಮಕ್ಕಳಿಗೆ ಇದಕ್ಕಿಂತ ಇಷ್ಟದ ಕೆಲಸ ಇಲ್ಲ. ಕಿತ್ತ ಎಳೆಸಸಿಯೇ ಮೊದಲ ಅಡುಗೆ, ಅದೇ ದಿನ ಆಗಬೇಕು. ನಾಳೆಗೆ ಇಟ್ಟರೆ ‘ನಾನು ಕಿತ್ತದ್ದು’ ಎಂಬ ಹುರುಪು ಇಳಿದಿರುತ್ತದೆ. ಬೇರು ಕತ್ತರಿಸುವುದು ದೊಡ್ಡವರು, ಎಲೆ ಬಿಡಿಸುವುದು ಮತ್ತು ಮೂರು ನೀರಲ್ಲಿ ತೊಳೆಯುವುದು ಮಕ್ಕಳು. ಎರಡು ಮುಷ್ಟಿ ಹೆಚ್ಚಿದ ಸೊಪ್ಪಿಗೆ ಒಂದು ದೊಡ್ಡ ಚಮಚ ಕಾಯಿತುರಿ, ಚಿಟಿಕೆ ಜೀರಿಗೆ, ಉಪ್ಪು. ಮೆಣಸು ಬೇಡ. ಐದಾರು ನಿಮಿಷ ಬೇಯಿಸಿ. ಕುಚ್ಚಲಕ್ಕಿ ಗಂಜಿಗೆ ಹಾಕಿದೊಡನೆ ಗಂಜಿ ನಸುಗೆಂಪಾಗುತ್ತದೆ. ಬಟ್ಟಲು ಮುಂದಿಟ್ಟು ಅವರ ಎದುರಿಗೇ ಕಲಸಿ. ತಿನ್ನದವರಿಗೆ ಅರ್ಧ ಚಮಚ ಬದಿಗಿಟ್ಟು ಸುಮ್ಮನಿರಿ. ಎಂಟು ಹತ್ತು ಸಲ ಬಟ್ಟಲಿಗೆ ಬಂದ ಮೇಲೆ ಬಾಯಿಗೆ ಹೋಗುವ ಮಕ್ಕಳೂ ಇದ್ದಾರೆ. ಒತ್ತಾಯ ಮಾಡಿದಿರೋ, ಆ ಲೆಕ್ಕ ಮತ್ತೆ ಒಂದರಿಂದ.

ತಿಂಗಳಿಗೆ ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಎರಡು ಗಿಡ ಬೀಜಕ್ಕೆ ಬಿಡಿ, ಎರಡೂ ಒಂದೇ ಬಣ್ಣದವಾಗಿರಲಿ. ಕೆಂಪು ಹಸಿರು ಒಟ್ಟಿಗೆ ಹೂ ಬಿಟ್ಟರೆ ಬೀಜ ಬೆರಕೆಯಾಗಬಹುದು. ತೆನೆ ಒಣಗಿದಾಗ ಅಡಿಕೆ ಹಾಳೆಯ ಮೇಲೆ ಬಡಿದು, ನೆರಳಲ್ಲಿ ಎರಡು ದಿನ ಆರಿಸಿ, ಬೂದಿ ಬೆರೆಸಿ ಬಾಟಲಿಗೆ ತುಂಬಿ. ಮಳೆಗಾಲ ದಾಟಬೇಕಾದ ಬೀಜ, ಮುಚ್ಚಳ ಬಿಗಿಯಾಗಿರಲಿ.