ಪಿಕಪ್ ಹೋದ ಟರ್ಬೊ ಡೀಸೆಲ್: ಟರ್ಬೊ ಬಿಚ್ಚುವ ಮುಂಚೆ ನಾನು ನೋಡಿದ್ದು

ನನ್ನ ಡೀಸೆಲ್ ಕಾರು ಸಮತಟ್ಟು ರಸ್ತೆಯಲ್ಲಿ ಚೆನ್ನಾಗೇ ಓಡುತ್ತಿತ್ತು. ಏರು ಬಂದಾಗ, ಇಲ್ಲವೇ ಲಾರಿ ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಜೀವ ಹೋದ ಹಾಗೆ ಆಗುತ್ತಿತ್ತು. 2000 ಆರ್‌ಪಿಎಂ ಹತ್ತಿರ ಬರಬೇಕಾದ ಎಳೆತ ಬರುತ್ತಲೇ ಇರಲಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿ. ಮುಂದಿನ ಏರಿನಲ್ಲಿ ಮತ್ತೆ ಅದೇ ರಾಗ.

ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುವುದು ಒಳ್ಳೆ ಸುಳಿವು. ಕಟ್ಟಿಕೊಂಡ ಫಿಲ್ಟರ್ ಕೀ ತಿರುಗಿಸಿದ ಮಾತ್ರಕ್ಕೆ ಬಿಟ್ಟುಕೊಳ್ಳುವುದಿಲ್ಲ, ಅಲ್ವಾ? ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಏನೋ ಎಡವಟ್ಟು ಕಂಡು, ಎಂಜಿನ್ ಉಳಿಸಲು ತಾನೇ ಪವರ್ ಕಮ್ಮಿ ಮಾಡುತ್ತಿದೆ ಎಂದರ್ಥ. ಇದನ್ನೇ ಲಿಂಪ್ ಮೋಡ್ ಅನ್ನುವುದು.

ಇಸಿಯು ದಾಖಲಿಸಿದ ತಪ್ಪುಗಳನ್ನು ಫೋನಿನಲ್ಲಿ ಓದಿಸುವ ಓಬಿಡಿ ಅಡಾಪ್ಟರ್ ಹಾಕಿ ನೋಡಿದೆ. ಪಿ0299 ಕೋಡ್ ಇತ್ತು. ಅಂಡರ್‌ಬೂಸ್ಟ್, ಅಂದರೆ ಟರ್ಬೊ ಎಂಜಿನ್‌ಗೆ ಒತ್ತಿ ತುಂಬುವ ಗಾಳಿಯ ಒತ್ತಡ (ಬೂಸ್ಟ್) ಇಸಿಯು ಕೇಳಿದಷ್ಟು ಸಿಗಲಿಲ್ಲ. ಇದನ್ನು ಕೇಳಿದ ಕೂಡಲೇ ಒಂದು ಗ್ಯಾರೇಜಿನವರು 'ಟರ್ಬೊ ಹೋಗಿದೆ, ಬದಲಾಯಿಸಿಬಿಡಿ' ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಕೋಡ್ ಹೇಳುವುದು ಒತ್ತಡ ಕಮ್ಮಿ ಅಂತ ಅಷ್ಟೇ. ಟರ್ಬೊ ಗಾಳಿ ಒತ್ತಲೇ ಇಲ್ಲವೋ, ಒತ್ತಿದ ಗಾಳಿ ದಾರಿಯಲ್ಲಿ ಸೋರಿಹೋಯಿತೋ, ಟರ್ಬೊಗೆ ಸರಿಯಾದ ಆಜ್ಞೆಯೇ ತಲುಪಲಿಲ್ಲವೋ, ಅದನ್ನು ನಾವೇ ಹುಡುಕಬೇಕು.

ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ಬರೆದಿಟ್ಟುಕೊಂಡೆ. ತಪ್ಪು ಕಂಡ ಆ ಕ್ಷಣದಲ್ಲಿ ಆರ್‌ಪಿಎಂ, ಲೋಡ್, ಎಂಜಿನ್ ಬಿಸಿ ಎಷ್ಟಿತ್ತು ಅಂತ ಅದರಲ್ಲಿರುತ್ತದೆ. ಸುಮ್ನೆ ಕ್ಲಿಯರ್ ಒತ್ತಿದರೆ ಅದೂ ಹೋಗುತ್ತದೆ. ನನ್ನದರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗಿತ್ತು, ಲೋಡ್ ಜಾಸ್ತಿ ಇತ್ತು.

ಮೊದಲು ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಕೀ ಆನ್, ಎಂಜಿನ್ ಆಫ್. ಆಗ ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರಮಟ್ಟದಲ್ಲಿ ಸುಮಾರು 100 ಕೆಪಿಎ, 1000 ಮೀಟರ್ ಎತ್ತರದಲ್ಲಿ ಸುಮಾರು 90. ನನ್ನದು ಸರಿಯಾಗಿತ್ತು.

ಆಮೇಲೆ ರಸ್ತೆಗಿಳಿದೆ. ಪಕ್ಕದಲ್ಲಿ ಗೆಳೆಯ ಫೋನ್ ಹಿಡಿದು ಕೂತ. ಓಡಿಸುವವರು ಫೋನ್ ನೋಡುವ ಕೆಲಸ ಮಾತ್ರ ಬೇಡ. ಖಾಲಿ ರಸ್ತೆ, ಮೂರನೇ ಗೇರ್, 1500 ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ. ಇಸಿಯು ಕೇಳುವ ಬೂಸ್ಟ್ ಮತ್ತು ನಿಜವಾಗಿ ಸಿಗುವ ಬೂಸ್ಟ್, ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿದೆವು. ಎಲ್ಲ ಆಪ್‌ಗಳೂ 'ಕೇಳಿದ್ದು' ತೋರಿಸುವುದಿಲ್ಲ, ನಿಮ್ಮ ಕಾರಿಗೆ ಹೊಂದುವ ಆಪ್ ಬೇಕು. ಇಸಿಯು 220 ಕೆಪಿಎ ಕೇಳುತ್ತಿದ್ದರೆ ಸಿಗುತ್ತಿದ್ದದ್ದು 160. ಕೆಲವು ಸೆಕೆಂಡ್ ಹಾಗೇ ನಡೆದು ಲಿಂಪ್ ಮೋಡ್ ಬಿತ್ತು.

ಅದೇ ಓಟದಲ್ಲಿ ರೇಲ್ ಪ್ರೆಶರ್, ಅಂದರೆ ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್‌ನ ಒತ್ತಡ ಕೂಡ ನೋಡಿದೆ. ಕೇಳಿದ್ದೂ ಸಿಕ್ಕಿದ್ದೂ ಜೊತೆಜೊತೆಗೇ ಏರಿದವು. ಅಲ್ಲಿಗೆ ಡೀಸೆಲ್ ಫಿಲ್ಟರ್, ಪಂಪ್ ಎರಡೂ ಪಟ್ಟಿಯಿಂದ ಹೊರಗೆ. ರೇಲ್ ಪ್ರೆಶರ್ ಹಿಂದೆ ಬಿದ್ದಿದ್ದರೆ ನಾನು ಟರ್ಬೊ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನ ಡಿಫರೆನ್ಷಿಯಲ್ ಪ್ರೆಶರ್ (ಅದರ ಹಿಂದೆ ಮುಂದೆ ಒತ್ತಡದ ವ್ಯತ್ಯಾಸ) ಕೂಡ ಮಾಮೂಲಾಗಿತ್ತು. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಇಜಿಆರ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಿತ್ತು.

ಉಳಿದದ್ದು ಗಾಳಿಯ ದಾರಿ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ಹೋಸ್‌ಗಳನ್ನು ಕೈಯಿಂದ ಸವರಿ ನೋಡಿದೆ. ಸೀಳು ಸಾಮಾನ್ಯವಾಗಿ ಕಣ್ಣಿಗೆ ಕಾಣದ ಕೆಳಗಿನ ಬದಿಯಲ್ಲೇ ಇರುತ್ತದೆ. ಹೋಸ್ ಒಳಗೆ ತೆಳು ಎಣ್ಣೆ ಇರುವುದು ಮಾಮೂಲು. ಕ್ಲಾಂಪ್ ಹತ್ತಿರ ಹೊರಗೆ ಎಣ್ಣೆ ಹತ್ತಿ ಧೂಳು ಮೆತ್ತಿದ್ದರೆ ಮಾತ್ರ ಅನುಮಾನ ಪಡಿ. ಇಲ್ಲಿ ಸೋರಿದರೆ ಕಪ್ಪು ಹೊಗೆ ಬರುತ್ತದೆ ಅಂತಾರೆ, ನಿಜ. ಆದರೆ ಡಿಪಿಎಫ್ ಇರುವ ಕಾರಿನಲ್ಲಿ ಆ ಹೊಗೆ ಫಿಲ್ಟರಿನಲ್ಲೇ ಸಿಕ್ಕಿಬೀಳುತ್ತದೆ, ಹೊಗೆ ಇಲ್ಲ ಅಂದಮಾತ್ರಕ್ಕೆ ಸೋರಿಕೆ ಇಲ್ಲ ಅನ್ನುವಂತಿಲ್ಲ. ಪೈಪಿಗೆ ಸ್ವಲ್ಪವೇ ಗಾಳಿಯ ಒತ್ತಡ ಕೊಟ್ಟು, ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವ ಹಾಗೆ ಸೋಪಿನ ನೀರು ಹಾಕಿದೆ. ಗುಳ್ಳೆ ಏಳಲಿಲ್ಲ.

ಈಗ ಟರ್ಬೊ. ಎಂಜಿನ್ ತಣ್ಣಗಿದ್ದಾಗ ಗಾಳಿ ಒಳಬರುವ ಹೋಸ್ ತೆಗೆದು ಶಾಫ್ಟ್ ಅಲ್ಲಾಡಿಸಿದೆ. ಪಕ್ಕಕ್ಕೆ ಚೂರು ಅಲ್ಲಾಡುವುದು ತಪ್ಪಲ್ಲ, ಬೇರಿಂಗ್ ಎಣ್ಣೆಯ ಪದರದ ಮೇಲೆ ತೇಲುವಂಥದ್ದು. ಹಿಂದಕ್ಕೆ ಮುಂದಕ್ಕೆ ಆಡಿದರೆ, ಅಥವಾ ಬ್ಲೇಡ್ ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೊ ಕೆಲಸ ಮುಗಿದಂತೆ. ನನ್ನದರಲ್ಲಿ ಎರಡೂ ಇರಲಿಲ್ಲ.

ನನ್ನ ಕಾರಿನದು ವ್ಯಾಕ್ಯೂಮ್‌ನಿಂದ ನಡೆಯುವ ವಿಜಿಟಿ ಟರ್ಬೊ. ವ್ಯಾಕ್ಯೂಮ್ ಎಳೆದರೆ ಆಕ್ಚುಯೇಟರ್ ರಾಡ್ ಸರಿದು ಒಳಗಿನ ವೇನ್‌ಗಳ, ಅಂದರೆ ಹೊಗೆಯ ದಾರಿಯಲ್ಲಿರುವ ಪುಟ್ಟ ರೆಕ್ಕೆಗಳ, ನಡುವಿನ ಸಂದು ಕಿರಿದಾಗುತ್ತದೆ, ಬೂಸ್ಟ್ ಏರುತ್ತದೆ. ಗೇಜ್ ಇರುವ ಕೈಪಂಪನ್ನು ನೇರ ಆಕ್ಚುಯೇಟರ್‌ಗೆ ಹಾಕಿ ಎಳೆದೆ. ರಾಡ್ ಎಲ್ಲೂ ತಡೆಯದೆ ಕೊನೆವರೆಗೂ ಸರಿಯಿತು. ಪಂಪ್ ನಿಲ್ಲಿಸಿ ಕಾದೆ, ಮುಳ್ಳು ಕದಲಲಿಲ್ಲ. ಅಂದರೆ ಆಕ್ಚುಯೇಟರ್ ಒಳಗಿನ ರಬ್ಬರ್ ಪೊರೆ (ಡಯಾಫ್ರಂ) ತೂತಾಗಿಲ್ಲ, ವೇನ್‌ಗಳು ಮಸಿ ಹಿಡಿದು ಸಿಕ್ಕಿಕೊಂಡಿಲ್ಲ. 'ಟರ್ಬೊ ಹೋಗಿದೆ' ಅನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು. ಎಲೆಕ್ಟ್ರಿಕ್ ಆಕ್ಚುಯೇಟರ್ ಇರುವ ಕಾರಿನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಸ್ಕ್ಯಾನರ್‌ನಿಂದಲೇ ಆಡಿಸಿ ನೋಡಬೇಕು.

ಗೇಜನ್ನು ಎಂಜಿನ್‌ನದೇ ವ್ಯಾಕ್ಯೂಮ್ ಪಂಪಿನ ಬಾಯಿಗೆ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿದೆ. 0.9 ಬಾರ್ ಹತ್ತಿರ ಬಂತು, ಪಂಪ್ ಗಟ್ಟಿ. ಇಸಿಯು ಹೇಳಿದಷ್ಟು ವ್ಯಾಕ್ಯೂಮನ್ನು ಆಕ್ಚುಯೇಟರ್‌ಗೆ ಬಿಡುವ ವಾಲ್ವ್ ಬೂಸ್ಟ್ ಸೊಲೆನಾಯ್ಡ್. ಗೇಜನ್ನು ಅದಕ್ಕೆ ಬರುವ ತುದಿಗೆ ಸರಿಸಿದೆ. ಎಂಜಿನ್ ತಣ್ಣಗಿದ್ದಾಗ ಅಲ್ಪಸ್ವಲ್ಪ ಕಮ್ಮಿ. ಬಿಸಿಯಾದ ಮೇಲೆ ಮುಳ್ಳು ಇಳಿಯುತ್ತಾ ಹೋಯಿತು. ಫ್ರೀಜ್ ಫ್ರೇಮ್‌ನ ಬಿಸಿಗೂ ಇದಕ್ಕೂ ತಾಳೆಯಾಯಿತು.

ಪಂಪಿಗೂ ಸೊಲೆನಾಯ್ಡಿಗೂ ಮಧ್ಯೆ ಇದ್ದದ್ದು ಒಂದು ತೆಳು ರಬ್ಬರ್ ಹೋಸ್. ಬೆರಳು ಓಡಿಸುತ್ತಾ ಹೋದೆ. ಎಂಜಿನ್ ಕವರ್‌ನ ಬ್ರಾಕೆಟ್‌ಗೆ ತಾಗುವ ಕಡೆ ರಬ್ಬರ್ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಬಗ್ಗಿಸಿದರೆ ಉಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು, ಬಿಟ್ಟರೆ ಮುಚ್ಚಿಕೊಂಡಿತು. ಮೆಲ್ಲಗೆ ಓಡಿಸುವಾಗ ಉಳಿದ ವ್ಯಾಕ್ಯೂಮ್ ಸಾಕಾಗುತ್ತಿತ್ತು. ಪೂರ್ತಿ ಬೂಸ್ಟ್ ಕೇಳಿದಾಗ ಮಾತ್ರ ಸಾಲದೆ ಬರುತ್ತಿತ್ತು.

ಅದೇ ಒಳವ್ಯಾಸದ ವ್ಯಾಕ್ಯೂಮ್ ಹೋಸ್ ತಂದು ಹಾಕಿದೆ. ಮಾಮೂಲಿ ನೀರಿನ ಟ್ಯೂಬ್ ಬೇಡ, ಬಿಸಿಗೆ ಮೆತ್ತಗಾಗಿ ವ್ಯಾಕ್ಯೂಮ್‌ಗೆ ಒಳಕ್ಕೆ ಅಂಟಿಕೊಳ್ಳುತ್ತದೆ. ಬ್ರಾಕೆಟ್‌ಗೆ ತಾಗದ ಹಾಗೆ ದಾರಿ ಬದಲಿಸಿ ಕಟ್ಟಿದೆ. ಅಷ್ಟೇ ವಯಸ್ಸಾದ ಉಳಿದ ಹೋಸ್‌ಗಳನ್ನೂ ಬದಲಾಯಿಸಿದೆ. ಕೋಡ್ ಅಳಿಸಿ ಅದೇ ರಸ್ತೆ, ಅದೇ ಮೂರನೇ ಗೇರ್. ಈ ಸಲ ಎರಡು ಗೆರೆಗಳೂ ಒಂದರ ಹಿಂದೆ ಒಂದು ಏರಿದವು. ಕೇಳಿದ್ದಕ್ಕಿಂತ ಜಾಸ್ತಿ ಬೂಸ್ಟ್ ಬಂದು ಪಿ0234 ಕೋಡ್ ಬೀಳುತ್ತದೇನೋ ಅಂತಲೂ ನೋಡಿದೆ. ಬೀಳಲಿಲ್ಲ.