ಮಾಡೆಲ್ ರೈಲು ಇಂಜಿನ್‌ನ ಹಿಡಿಕಂಬಿಗೆ ಯಾವ ಡ್ರಿಲ್ ಬಿಟ್ ತಗೋಬೇಕು?

ಬಿಟ್ ಕೊಳ್ಳಲು ಹೊರಡುವ ಮೊದಲು ಹಿಡಿಕಂಬಿ ಮಾಡುವ ತಂತಿಯನ್ನು ಅಳೆಯಿರಿ. ನಾನು ಉಲ್ಟಾ ಮಾಡಿದೆ. 20 ಬಿಟ್‌ಗಳ ಚಂದದ ಡಬ್ಬಿ ನೋಡಿ ಆಸೆಪಟ್ಟು ತಂದೆ. ಅದರಲ್ಲಿ ನನಗೆ ಬೇಕಿದ್ದದ್ದು ಎರಡೇ ಸೈಜು, ಆ ಎರಡೂ ಮೊದಲ ಭಾನುವಾರವೇ ಮುರಿದವು. ಉಳಿದ 18 ಇವತ್ತಿಗೂ ಹೊಸದಾಗಿಯೇ ಕೂತಿವೆ.

ಲೆಕ್ಕ ಸುಲಭ. ಎಚ್‌ಓ ಅನ್ನುವ ಮಾಡೆಲ್ ಅಳತೆ ಅಂದರೆ 1:87, ನಿಜದ 87ರಲ್ಲಿ ಒಂದು ಪಾಲು. ಉದಾಹರಣೆಗೆ ಭಾರತೀಯ ರೈಲ್ವೆಯ ಡೀಸೆಲ್ ಇಂಜಿನ್ ಡಬ್ಲ್ಯುಡಿಎಂ-2 ತಗೊಳ್ಳಿ. ನಿಜವಾದ ಇಂಜಿನ್‌ನಲ್ಲಿ ಒಂದು ಇಂಚು ದಪ್ಪದ ಕಂಬಿ ಇದ್ದರೆ ಎಚ್‌ಓದಲ್ಲಿ ಅದು 0.29 ಮಿ.ಮೀ., ಹಾಗಾಗಿ 0.3 ತಂತಿ ಸರಿಹೋಗುತ್ತದೆ. 0.5 ಹಾಕಿದರೆ ನಿಜದ ಲೆಕ್ಕದಲ್ಲಿ 43.5 ಮಿ.ಮೀ. ಆಯಿತು, ಇಂಜಿನ್ ಪಕ್ಕಕ್ಕೆ ನೀರಿನ ಪೈಪ್ ಕಟ್ಟಿದ ಹಾಗೆ ಕಾಣುತ್ತದೆ. ತೂತು ತಂತಿಗಿಂತ ಸುಮಾರು 0.05 ಮಿ.ಮೀ. ದೊಡ್ಡದಿರಲಿ: 0.3 ತಂತಿಗೆ 0.35 ಬಿಟ್, 0.4 ತಂತಿಗೆ 0.45. ತಂತಿಗೆ ಮೊದಲೇ ಬಣ್ಣ ಹೊಡೆಯುವವರು ಇನ್ನೊಂದು ಸೈಜು ಮೇಲೆ ಹೋಗಿ.

ಕೆಲವು ಬಿಟ್‌ಗಳ ಮೇಲೆ ಮಿ.ಮೀ. ಬದಲು ನಂಬರ್ ಇರುತ್ತದೆ. ಇಲ್ಲಿ ನಂಬರ್ ಜಾಸ್ತಿಯಾದಷ್ಟೂ ಬಿಟ್ ಸಣ್ಣದು, ತಂತಿಯ ಗೇಜ್ ಇದ್ದ ಹಾಗೆಯೇ. 80ನೇ ನಂಬರ್ ಅಂದರೆ 0.34, 77 ಅಂದರೆ 0.46, 76 ಅಂದರೆ 0.51. ಆದರೂ ಡಬ್ಬಿ ಮೇಲೆ ಬರೆದಿದ್ದನ್ನು ಸುಮ್ನೆ ನಂಬಬೇಡಿ. ಕ್ಯಾಲಿಪರ್‌ನಲ್ಲಿ ಒಮ್ಮೆ ಹಿಡಿದು ನೋಡಿ.

ಇನ್ನು ಮುಖ್ಯ ವಿಷಯ, ಯಾವ ಲೋಹದ್ದು? ಕೈಯಲ್ಲಿ ತಿರುಗಿಸುವುದಾದರೆ ಕಣ್ಣುಮುಚ್ಚಿ ಹೈಸ್ಪೀಡ್ ಸ್ಟೀಲ್ (ಎಚ್‌ಎಸ್‌ಎಸ್) ತಗೊಳ್ಳಿ. ಸರ್ಕ್ಯೂಟ್ ಬೋರ್ಡ್ ಕೊರೆಯಲು ಬರುವ ಕಾರ್ಬೈಡ್ ಬಿಟ್‌ಗಳು ದಪ್ಪ ಬುಡ, ಬಣ್ಣದ ಬಳೆಯ ಜೊತೆ ಬಹಳ ಚೆನ್ನಾಗಿ ಕಾಣುತ್ತವೆ, ತುದಿಯೂ ತುಂಬಾ ಚೂಪು. ಆದರೆ ಅವು ಗಾಜಿನಂತೆ: ಬಾಗುವುದಿಲ್ಲ, ಮುರಿಯುತ್ತವೆ. ಕೈ ಒಂದು ಕೂದಲೆಳೆಯಷ್ಟು ಓರೆಯಾದರೂ ಸಾಕು, ಟಿಕ್ ಅಂತ ಸದ್ದು. ಅಲುಗಾಡದ ಸಣ್ಣ ಡ್ರಿಲ್ ಸ್ಟ್ಯಾಂಡ್ ಇದ್ದವರಿಗೆ ಮಾತ್ರ ಕಾರ್ಬೈಡ್. ಎಚ್‌ಎಸ್‌ಎಸ್ ಸ್ವಲ್ಪ ಬಾಗಿ ನಿಮ್ಮ ತಪ್ಪನ್ನು ಸಹಿಸಿಕೊಳ್ಳುತ್ತದೆ. ಒಂದೇ ಸೈಜಿನಲ್ಲಿ ಐದಾರು ಕೊಳ್ಳಿ, ಹೇಗೂ ಮುರಿಯುತ್ತವೆ.

ಪಿನ್ ವೈಸ್ (ಬಿಟ್ ಸಿಕ್ಕಿಸಿ ಕೈಯಲ್ಲಿ ತಿರುಗಿಸುವ ಸಣ್ಣ ಹಿಡಿ) ಕೊಳ್ಳುವಾಗ ಅದರ ದವಡೆ 0.3 ಮಿ.ಮೀ. ಬಿಟ್ಟನ್ನು ನಿಜಕ್ಕೂ ಹಿಡಿಯುತ್ತದಾ ಅಂತ ಅಂಗಡಿಯಲ್ಲೇ ನೋಡಿ. ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗಳಲ್ಲೂ ಕೇಳಿ ನೋಡಬಹುದು. ಬಿಟ್ಟನ್ನು ಒಳಗೆ ತಳ್ಳಿ ಐದಾರು ಮಿ.ಮೀ. ಮಾತ್ರ ಹೊರಗೆ ಬಿಡಿ. ಉದ್ದ ಬಿಟ್ಟಷ್ಟೂ ಬಾಗುತ್ತದೆ.

ಕೊರೆಯುವ ಜಾಗದಲ್ಲಿ ಮೊದಲು ಸೂಜಿಮೊನೆಯಿಂದ ಒಂದು ಚುಕ್ಕೆ ಒತ್ತಿ, ಇಲ್ಲದಿದ್ದರೆ ಬಿಟ್ ಜಾರಿ ಬಣ್ಣದ ಮೇಲೆ ಗೀರು ಬೀಳುತ್ತದೆ. ಬಿಟ್ಟಿನ ತುದಿಯನ್ನು ಜೇನುಮೇಣಕ್ಕೆ ಒಮ್ಮೆ ಚುಚ್ಚಿ. ಆಮೇಲೆ ಪಿನ್ ವೈಸ್‌ನ ತಲೆಯ ಮೇಲೆ ತೋರುಬೆರಳಿಟ್ಟು, ಒತ್ತದೆ, ಬರೀ ಅದರ ತೂಕದ ಮೇಲೆ ತಿರುಗಿಸಿ. ನಾಲ್ಕೈದು ಸುತ್ತಿಗೆ ಪ್ಲಾಸ್ಟಿಕ್ಕಿನ ಬಿಳಿ ಎಳೆ ಸುರುಳಿಯಾಗಿ ಮೇಲೆ ಬರುತ್ತದೆ. ಆಗ ಬಿಟ್ ಹೊರಗೆ ತೆಗೆದು ಒರೆಸಿ ಮತ್ತೆ ಇಳಿಸಿ. ಮುರಿಯುವುದು ಜಾಸ್ತಿ ಇಲ್ಲೇ: ಒರೆಸುವುದಕ್ಕೆ ಬೇಜಾರಾಗಿ ಮುಂದುವರಿಸುತ್ತೇವೆ, ಎಳೆ ಒಳಗೆ ತುಂಬಿ ಬಿಟ್ ಸಿಕ್ಕಿಕೊಳ್ಳುತ್ತದೆ, ಅಷ್ಟೇ. ಮೋಟಾರಿನ ಡ್ರಿಲ್ ಅನ್ನು ಜೋರಾಗಿ ಓಡಿಸಿದರೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೇ ಅಂಟುತ್ತದೆ, ಹಾಗಾಗಿ ಪ್ಲಾಸ್ಟಿಕ್ ಬಾಡಿಗೆ ಕೈಯೇ ವಾಸಿ.

ಹಿತ್ತಾಳೆ ಬಾಡಿಯಲ್ಲಿ ಬಿಟ್ ಮುರಿದು ಒಳಗೇ ಉಳಿಯಿತು ಅಂತಿಟ್ಟುಕೊಳ್ಳಿ. ಮೋಟಾರು, ಗೇರು, ಉಕ್ಕಿನ ಸ್ಕ್ರೂ ಎಲ್ಲ ಬಿಚ್ಚಿಟ್ಟು, ಬಾಡಿಯನ್ನು ಮಾತ್ರ ಬಿಸಿನೀರಲ್ಲಿ ಕರಗಿಸಿದ ಪಟಿಕದಲ್ಲಿ ಮುಳುಗಿಸಿಡಿ, ನೀರು ಆರದಂತೆ ನೋಡಿಕೊಳ್ಳಿ. ಪಟಿಕ ಉಕ್ಕನ್ನು ನಿಧಾನವಾಗಿ ತಿನ್ನುತ್ತದೆ, ಹಿತ್ತಾಳೆಯನ್ನು ಬಿಡುತ್ತದೆ. ಬಣ್ಣ ಹೊಡೆಯುವ ಮೊದಲೇ ಇದನ್ನು ಮಾಡಿ ಮುಗಿಸಿ. ಮುರಿದದ್ದು ಕಾರ್ಬೈಡ್ ತುಂಡಾಗಿದ್ದರೆ ಪಟಿಕದಿಂದ ಏನೂ ಆಗುವುದಿಲ್ಲ. ಕಂಬಿಯನ್ನು ಒಂದು ಮಿ.ಮೀ. ಪಕ್ಕಕ್ಕೆ ಸರಿಸಿ ಇನ್ನೊಂದು ತೂತು ಹಾಕಿ.