ನನ್ನ ಪ್ರಬಂಧಗಳನ್ನು ಯಾರು, ಏಕೆ ಉಲ್ಲೇಖಿಸಿದರು: ಒಂದು ಹುಡುಕಾಟದ ಅನುಭವ

ಬಡ್ತಿಗಾಗಿ ಅರ್ಜಿ ಸಲ್ಲಿಸುವಾಗ, ಪ್ರಕಟಣೆಗಳ ಪಟ್ಟಿಯ ಜೊತೆಗೆ ಅವು ನನ್ನ ಕ್ಷೇತ್ರದ ಮೇಲೆ ಬೀರಿದ ಪ್ರಭಾವವನ್ನೂ ಎರಡು ಪುಟಗಳಲ್ಲಿ ವಿವರಿಸಬೇಕೆಂಬ ಸೂಚನೆ ಇತ್ತು. ಒಮ್ಮೆ ಎದುರಿಸಿದ ರೋಗಾಣುವನ್ನು ನೆನಪಿಟ್ಟುಕೊಳ್ಳುವ, ರೋಗನಿರೋಧಕ ವ್ಯವಸ್ಥೆಯ ಟಿ ಜೀವಕೋಶಗಳ ಮೇಲೆ ಹದಿನೆಂಟು ವರ್ಷ ಕೆಲಸ ಮಾಡಿದ ನನಗೆ ಇದು ಒಂದು ಸಂಜೆಯಲ್ಲಿ ಮುಗಿಯುವ ಕೆಲಸವೆಂದು ತೋರಿತ್ತು. ಏಳು ವಾರ ಹಿಡಿಯಿತು.

ಮೊದಲ ತೊಡಕು ಹೆಸರಿನದು. ಇನಿಷಿಯಲ್ ಕೆಲವು ಪ್ರಬಂಧಗಳಲ್ಲಿ ಮುಂದೆ, ಕೆಲವದರಲ್ಲಿ ಹಿಂದೆ ಅಚ್ಚಾಗಿದ್ದುದರಿಂದ ಉಲ್ಲೇಖಗಳನ್ನು ಎಣಿಸುವ ದತ್ತಾಂಶ ಕೋಶದಲ್ಲಿ ನನ್ನ ಐದು ಪ್ರಬಂಧಗಳು ಬೇರೊಂದು ಖಾತೆಯಲ್ಲಿ ಉಳಿದಿದ್ದವು. ನನ್ನದೇ ಹೆಸರಿನ ಸಸ್ಯರೋಗ ವಿಜ್ಞಾನಿಯೊಬ್ಬರ ಆರು ಪ್ರಬಂಧಗಳು ನನ್ನ ಖಾತೆಗೆ ಬಂದು ಸೇರಿದ್ದವು. ಇಂತಹ ಗೊಂದಲವನ್ನು ತಪ್ಪಿಸಲೆಂದೇ 2012ರಲ್ಲಿ ಆರಂಭವಾದ ಓರ್ಕಿಡ್ ಎಂಬ 16 ಅಂಕಿಗಳ ಗುರುತಿನ ಸಂಖ್ಯೆ ನನ್ನ ಬಳಿ ಇತ್ತಾದರೂ, ಅದನ್ನು ಹಳೆಯ ಪ್ರಬಂಧಗಳಿಗೆ ಜೋಡಿಸಿರಲಿಲ್ಲ. ಎಲ್ಲವನ್ನೂ ಸರಿಪಡಿಸಿದ ಮೇಲೆ ನನ್ನ ಎಚ್-ಇಂಡೆಕ್ಸ್ ಎರಡು ಅಂಕ ಇಳಿಯಿತು.

ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಈ ಅಳತೆಯ ಲೆಕ್ಕ ಸರಳವಾದದ್ದು: ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಎಚ್-ಇಂಡೆಕ್ಸ್ 20. ಆದರೆ ಪ್ರಯೋಗವನ್ನು ಕೈಯಾರೆ ಮಾಡಿದ ಮೊದಲ ಲೇಖಕರಿಗೂ, ಒಂದು ಮಾದರಿಯನ್ನಷ್ಟೇ ಒದಗಿಸಿದ ಹನ್ನೆರಡನೆಯ ಲೇಖಕರಿಗೂ ಅದು ಒಂದೇ ಅಂಕ ಕೊಡುತ್ತದೆ. ಲೇಖಕರ ಸಾಲು ಉದ್ದವಾಗಿರುವ ಇಮ್ಯುನಾಲಜಿಯಲ್ಲಿ, ಅಂದರೆ ರೋಗನಿರೋಧಕ ಶಕ್ತಿಯ ಅಧ್ಯಯನದಲ್ಲಿ, ಇದು ಸಣ್ಣ ದೋಷವಲ್ಲ ಎಂದು ನನಗೆ ಅನ್ನಿಸುತ್ತದೆ. ಮೇಲಾಗಿ ಸ್ಕೋಪಸ್, ವೆಬ್ ಆಫ್ ಸೈನ್ಸ್ ಮತ್ತು ಗೂಗಲ್ ಸ್ಕಾಲರ್ ಎಂಬ ದತ್ತಾಂಶ ಕೋಶಗಳು ನನಗೆ ಮೂರು ಬೇರೆ ಬೇರೆ ಸಂಖ್ಯೆಗಳನ್ನು ತೋರಿಸಿದವು, ಏಕೆಂದರೆ ಅವು ಲೆಕ್ಕಕ್ಕೆ ತೆಗೆದುಕೊಳ್ಳುವ ದಾಖಲೆಗಳೇ ಬೇರೆ.

ಆಗ ಸಂಖ್ಯೆಗಳನ್ನು ಬದಿಗಿಟ್ಟು, ನನ್ನ ನಾಲ್ಕು ಪ್ರಬಂಧಗಳನ್ನು ಆರಿಸಿಕೊಂಡು, ಅವುಗಳನ್ನು ಉಲ್ಲೇಖಿಸಿದ ಪ್ರತಿಯೊಂದು ಪ್ರಬಂಧವನ್ನೂ ತೆರೆದು, ನನ್ನ ಕೆಲಸದ ಪ್ರಸ್ತಾಪವಿರುವ ವಾಕ್ಯವನ್ನು ಹುಡುಕಿ ಓದತೊಡಗಿದೆ. ಹಾಳೆಯಲ್ಲಿ ಒಂದು ಕಾಲಂ ಇತ್ತು: ‘ಏಕೆ ಉಲ್ಲೇಖಿಸಿದರು?’

ನನ್ನ ಪಟ್ಟಿಯಲ್ಲಿ ಅತಿ ಹೆಚ್ಚು ಉಲ್ಲೇಖಗಳಿದ್ದುದು, ಇತರರ ಶೋಧಗಳನ್ನು ಒಟ್ಟುಗೂಡಿಸಿ ಬರೆದ ಒಂದು ಸಮೀಕ್ಷಾ ಲೇಖನಕ್ಕೆ. ಅದನ್ನು ಉಲ್ಲೇಖಿಸಿದವರಲ್ಲಿ ಹೆಚ್ಚಿನವರು ಎತ್ತಿಕೊಂಡದ್ದು ಅದರ ಮೊದಲ ಪ್ಯಾರಾದ ಒಂದೇ ಮಾತನ್ನು: ಜೀವಕೋಶದ ಮೇಲ್ಮೈಯಲ್ಲಿ ಸಂಕೇತಗಳನ್ನು ಹಿಡಿಯುವ ಸಿಸಿಆರ್7 ಎಂಬ ಗ್ರಾಹಕ ಪ್ರೋಟೀನಿನ ಆಧಾರದ ಮೇಲೆ ನೆನಪಿನ ಟಿ ಜೀವಕೋಶಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು ಎಂಬುದನ್ನು. ಅದು ನನ್ನ ಶೋಧವಲ್ಲ. ಸಲ್ಲುಸ್ತೊ, ಲಾಂಜವೆಕ್ಕಿಯಾ ಮತ್ತು ಅವರ ಸಂಗಡಿಗರು 1999ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಅವರಿಗೆ ಸಲ್ಲಬೇಕಾದ ಉಲ್ಲೇಖಗಳನ್ನು ನನ್ನ ಪ್ರಭಾವವೆಂದು ಬರೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಪಟ್ಟಿಯ ಕೆಳಭಾಗದಲ್ಲಿದ್ದ ಇನ್ನೊಂದು ಪ್ರಬಂಧಕ್ಕೆ ಕೇವಲ 23 ಉಲ್ಲೇಖಗಳಿದ್ದವು. ಅದರ ಪೂರಕ ಭಾಗದಲ್ಲಿ ಒಂದು ಚಿತ್ರವಿದೆ. ಒಂದೇ ರಕ್ತದ ಮಾದರಿಯ ಜೀವಕೋಶಗಳನ್ನು ತಾಜಾ ಇದ್ದಾಗ ಒಮ್ಮೆ, ಘನೀಕರಿಸಿ ಕರಗಿಸಿದ ಮೇಲೆ ಇನ್ನೊಮ್ಮೆ, ಜೀವಕೋಶಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೀಟರ್ ಎಂಬ ಉಪಕರಣದಲ್ಲಿ ನೋಡಿದ್ದೆವು. ಎರಡನೆಯ ಸಲ ಜೀವಕೋಶದ ಬಗೆಯನ್ನು ಸೂಚಿಸುವ ಸಿಡಿ62ಎಲ್ ಎಂಬ ಮೇಲ್ಮೈ ಪ್ರೋಟೀನಿನ ಗುರುತಿನ ಏರು ನಕ್ಷೆಯಲ್ಲಿ ಎಡಕ್ಕೆ, ಅಂದರೆ ಕಡಿಮೆ ಮಟ್ಟಕ್ಕೆ ಸರಿದು, ಅದುವರೆಗೆ ಒಂದು ಗುಂಪಿಗೆ ಸೇರಿದ್ದ ಜೀವಕೋಶಗಳು ಇನ್ನೊಂದು ಗುಂಪಿನವೆಂಬಂತೆ ಕಾಣಿಸಿಕೊಂಡಿದ್ದವು. ಉಲ್ಲೇಖಿಸಿದ 23ರಲ್ಲಿ 14 ತಂಡಗಳು ಈ ಚಿತ್ರವನ್ನು ನೋಡಿ ತಮ್ಮ ವಿಧಾನವನ್ನೇ ಬದಲಾಯಿಸಿಕೊಂಡಿದ್ದವು: ಕೆಲವರು ತಾಜಾ ಮಾದರಿಗೆ ಹೊರಳಿದ್ದರು, ಕೆಲವರು ಬೇರೆ ಗುರುತನ್ನು ಆರಿಸಿಕೊಂಡಿದ್ದರು. ಒಂದು ತಂಡವಂತೂ ತನ್ನ ಹಿಂದಿನ ಅಂಕಿಅಂಶಗಳನ್ನು ಮರುಪರಿಶೀಲಿಸಿದ್ದಾಗಿ ವಿಧಾನಗಳ ವಿಭಾಗದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಸಾಲನ್ನು ಓದಿದಾಗ ಆದ ಸಂತೋಷ, ನೂರಾರು ಉಲ್ಲೇಖಗಳ ಎಣಿಕೆಯಿಂದ ನನಗೆ ಎಂದೂ ಆಗಿರಲಿಲ್ಲ.

ಪ್ರಕಟವಾದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರನ್ನೂ ನಾನು ಅರ್ಜಿಯಿಂದ ಕೈಬಿಟ್ಟೆ. ಅದು ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಒಂದು ವರ್ಷದಲ್ಲಿ ಬಂದ ಉಲ್ಲೇಖಗಳ ಸರಾಸರಿ. ಪತ್ರಿಕೆಯ ಕುರಿತಾದದ್ದೇ ಹೊರತು ನನ್ನ ಪ್ರಬಂಧದ ಕುರಿತಾದದ್ದಲ್ಲ. ರೋಗಾಣುವಿಗೆ ಹೊಂದುವ ಜೀವಕೋಶಗಳಷ್ಟೇ ಆಯ್ಕೆಯಾಗಿ ವೃದ್ಧಿಸುತ್ತವೆ ಎನ್ನುವ, ನಮ್ಮ ಕ್ಷೇತ್ರದ ಬುನಾದಿಯಾದ ಕ್ಲೋನಲ್ ಆಯ್ಕೆಯ ಸಿದ್ಧಾಂತವನ್ನು ವಿಜ್ಞಾನಿ ಬರ್ನೆಟ್ 1957ರಲ್ಲಿ ಮಂಡಿಸಿದ್ದು ಆಸ್ಟ್ರೇಲಿಯನ್ ಜರ್ನಲ್ ಆಫ್ ಸೈನ್ಸ್‌ನ ಒಂದು ಕಿರು ಬರಹದಲ್ಲಿ. ವಿಜ್ಞಾನಿಗಳಾದ ಕಾರಿಕೊ ಮತ್ತು ವೈಸ್‌ಮನ್, ಮುಂದೆ ಕೋವಿಡ್ ಲಸಿಕೆಗಳಿಗೆ ದಾರಿ ಮಾಡಿದ ಮಾರ್ಪಡಿಸಿದ ಆರ್‌ಎನ್‌ಎ ಕುರಿತು 2005ರಲ್ಲಿ ಬರೆದ ಪ್ರಬಂಧದ ಕೆಲಸಕ್ಕೆ ನೊಬೆಲ್ ಸಂದದ್ದು 2023ರಲ್ಲಿ. ಎರಡು ವರ್ಷಗಳ ಅಳತೆಗೋಲು ಅಂಥ ಕೆಲಸವನ್ನು ಹೇಗೆ ತಾನೇ ಅಳೆದೀತು?

ಕೊನೆಗೆ ಎರಡು ಪುಟಗಳ ವಿವರಣೆಯನ್ನು ಆ ಪೂರಕ ಚಿತ್ರದಿಂದಲೇ ಆರಂಭಿಸಿದೆ. ಸಮೀಕ್ಷಾ ಲೇಖನಕ್ಕೆ ಒಂದೇ ವಾಕ್ಯವನ್ನು ಮೀಸಲಿಟ್ಟು, ಮೂಲ ಶೋಧ ಯಾರದೆಂಬುದನ್ನು ಅಲ್ಲಿಯೇ ನಮೂದಿಸಿದೆ. ಇನ್ನೊಂದು ಮಾತನ್ನೂ ಸೇರಿಸಿದೆ. ಆ ಚಿತ್ರಕ್ಕಾಗಿ ರಾತ್ರಿಯಿಡೀ ಉಪಕರಣದ ಮುಂದೆ ಕುಳಿತಿದ್ದ ವಿದ್ಯಾರ್ಥಿನಿಯ ಹೆಸರನ್ನು ಅಂದು ಲೇಖಕರ ಪಟ್ಟಿಯಲ್ಲಿ ನಾಲ್ಕನೆಯದಾಗಿ ಇಟ್ಟವನು ನಾನೇ. ಅಚ್ಚಾದ ಕ್ರಮವನ್ನು ಈಗ ಬದಲಾಯಿಸಲಾಗದು. ಆದ್ದರಿಂದ ಘನೀಕರಣದ ಪರಿಣಾಮವನ್ನು ಮೊದಲು ಗಮನಿಸಿದವರು ಅವರೇ ಎಂದು ಹೆಸರು ಸಹಿತ ಬರೆದು, ಆ ಪುಟದ ಪ್ರತಿಯನ್ನು ಅವರಿಗೂ ಕಳುಹಿಸಿದೆ.